ಹಿಂದೆ ನಿಂತವರ ಒಂದು ದಿನ

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ)



ನಿನ್ನೆ ರಾತ್ರಿ ನೀವು ನೋಡಿದ ಧಾರಾವಾಹಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಬಂಗಾಳಿಯದಾದರೂ ಸರಿ, ಕನ್ನಡದ್ದಾದರೂ ಸರಿ. ಮದುವೆ ಮನೆಯ ದೃಶ್ಯ ಅಂತಿಟ್ಟುಕೊಳ್ಳಿ. ಅತ್ತೆ ಯಾವ ಸೀರೆ ಉಟ್ಟಿದ್ದರು, ಸೊಸೆ ಎಷ್ಟು ಸಲ ಕಣ್ಣೊರೆಸಿಕೊಂಡಳು, ಇದೆಲ್ಲ ನಿಮಗೆ ಚೆನ್ನಾಗಿ ನೆನಪಿರುತ್ತದೆ. ಆದರೆ ಅತ್ತೆಯ ಬೆನ್ನ ಹಿಂದೆ, ಕಂಬದ ಪಕ್ಕದಲ್ಲಿ, ಸಿಹಿ ತಿಂಡಿಯ ತಟ್ಟೆ ಹಿಡಿದು ನಿಂತಿದ್ದ ಹೆಂಗಸು ಯಾರು? ಅವರ ಸೀರೆಯ ಬಣ್ಣ ಯಾವುದು? ನೆನಪಿಲ್ಲ ಅಲ್ಲವೇ? ನಿಮ್ಮ ಗಮನ ಸೆಳೆಯಬಾರದು ಅಂತ ಹೇಳಿಯೇ ಅವರನ್ನು ಅಲ್ಲಿ ನಿಲ್ಲಿಸಿರುತ್ತಾರೆ. ಈಗ ಆ ಹೆಂಗಸನ್ನೂ ಅವರಂಥ ಇನ್ನೂ ಹದಿನೈದು ಜನರನ್ನೂ ಅಲ್ಲಿಂದ ಎಬ್ಬಿಸಿ ಕಳಿಸಿ ನೋಡಿ. ಮದುವೆ ಮನೆ ಹೋಗಿ, ಇಬ್ಬರು ನಿಂತು ಜಗಳವಾಡುವ ಖಾಲಿ ಹಜಾರ ಉಳಿಯುತ್ತದೆ.

ಇವತ್ತಿನ ಮಾತು ಇವರ ಬಗ್ಗೆ. ಹಳೆಯ ಕಾಲದಿಂದ ಇವರನ್ನು ಎಕ್ಸ್‌ಟ್ರಾಗಳು ಅಂತ ಕರೆದುಕೊಂಡು ಬಂದಿದ್ದೇವೆ. ಈಗ ಜೂನಿಯರ್ ಆರ್ಟಿಸ್ಟ್ ಅನ್ನುವ ಹೆಸರಿದೆ, ಕನ್ನಡದಲ್ಲಿ ಸಹಕಲಾವಿದರು ಅನ್ನುತ್ತೇವೆ. ಹೆಸರೇನೋ ದೊಡ್ಡದಾಯಿತು. ನಿಲ್ಲುವ ಜಾಗ ಮಾತ್ರ ಅದೇ, ಹಿಂದುಗಡೆ.

ಕೋಲ್ಕತ್ತಾದಲ್ಲಿರುವ ನಮ್ಮ ಕನ್ನಡದವರಲ್ಲಿ ಕೆಲವರಿಗೆ ಒಂದು ಆಸೆ ಇರುತ್ತದೆ. ಲೇಕ್ ಮಾರ್ಕೆಟ್ ಕಡೆ ದಕ್ಷಿಣ ಭಾರತದವರು ಹೆಚ್ಚಾಗಿ ನೆಲೆಸಿದ್ದಾರೆ. ಅಲ್ಲಿಂದ ಕಾಳಿಘಾಟ್ ಮೆಟ್ರೋ ಹತ್ತಿದರೆ ರವೀಂದ್ರ ಸರೋವರ ದಾಟಿ ಎರಡನೇ ನಿಲ್ದಾಣವೇ ಟಾಲಿಗಂಜ್. ಇಷ್ಟು ಹತ್ತಿರ ಸ್ಟುಡಿಯೋಗಳಿರುವಾಗ, ಒಂದು ದಿನ ಸೀರಿಯಲ್ ಸೆಟ್ಟಿಗೆ ಹೋಗಿ ಗುಂಪಿನಲ್ಲಿ ಗೋವಿಂದ ಅಂತ ನಿಂತು ಬರಬಾರದೇಕೆ? ಬಂಗಾಳಿ ಸರಿಯಾಗಿ ಬಾರದಿದ್ದರೆ ನಡೆಯುತ್ತದೆಯೇ? ಧಾರಾಳವಾಗಿ ನಡೆಯುತ್ತದೆ. ಬಾಯಿಂದ ಸದ್ದೇ ಹೊರಡಬಾರದ ಕೆಲಸಕ್ಕೆ ಭಾಷೆಯ ಹಂಗೇನು? ಆದರೆ ಹೋಗುವ ಮುಂಚೆ ಕೆಲವು ಸಂಗತಿಗಳು ನಿಮಗೆ ತಿಳಿದಿದ್ದರೆ ಒಳ್ಳೆಯದು. ಅದರಲ್ಲೂ ಒಂದು ಮಾತಂತೂ ತಿಳಿದೇ ಇರಬೇಕು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಊರಿನ ಪರಿಚಯ. ಬೆಂಗಳೂರಿನವರಿಗೆ ಟಾಲಿವುಡ್ ಅಂದರೆ ಹೈದರಾಬಾದು, ತೆಲುಗು ಸಿನಿಮಾ. ಆದರೆ ಆ ಹೆಸರು ಹುಟ್ಟಿದ್ದು ಇಲ್ಲಿ. 1932ರಲ್ಲಿ ವಿಲ್ಫರ್ಡ್ ಡೆಮಿಂಗ್ ಎಂಬ ಅಮೆರಿಕದ ತಂತ್ರಜ್ಞ ತನ್ನ ದೇಶದ ಪತ್ರಿಕೆಯೊಂದರಲ್ಲಿ ಟಾಲಿಗಂಜ್‌ಗೆ ಹಾಲಿವುಡ್‌ನ ಬಾಲ ಜೋಡಿಸಿ ಟಾಲಿವುಡ್ ಎಂದು ಬರೆದ. ಅದರ ಹಿಂದಿನ ವರ್ಷ, 1931ರಲ್ಲಿ, ಬಿ. ಎನ್. ಸರ್ಕಾರ್ ಅವರು ನ್ಯೂ ಥಿಯೇಟರ್ಸ್ ಸಂಸ್ಥೆಯನ್ನು ಕಟ್ಟಿದ್ದರು. ಅಂದಿನಿಂದ ಈ ಬಡಾವಣೆಯಲ್ಲಿ ದೀಪ ಆರಿದ್ದು ಕಡಿಮೆ. ಮೊದಲು ಸಿನಿಮಾ, ಆಮೇಲೆ ಟೆಲಿವಿಷನ್. ಕೋಲ್ಕತ್ತಾ ದೂರದರ್ಶನ ಶುರುವಾದದ್ದು 1975ರ ಆಗಸ್ಟ್ 9ರಂದು. 1980ರ ದಶಕದಲ್ಲಿ ಬಂಗಾಳಿ ಧಾರಾವಾಹಿಗಳು ಬಂದವು. ಖಾಸಗಿ ವಾಹಿನಿಗಳು ಬಂದ ಮೇಲೆ ಅವು ದಿನನಿತ್ಯದ ಊಟದಂತಾದವು. ಇಲ್ಲಿ ಬೆಂದ ಅಡುಗೆ ನಮ್ಮ ಮನೆಗೂ ಬರುತ್ತದೆ ಅನ್ನುವುದು ನಿಮಗೆ ಗೊತ್ತಿರಬಹುದು. 2019ರಲ್ಲಿ ಸ್ಟಾರ್ ಜಲ್ಷಾದಲ್ಲಿ ಆರಂಭವಾದ ಶ್ರೀಮೊಯೀ ಎಂಬ ಗೃಹಿಣಿಯ ಕಥೆ ಹಿಂದಿಯಲ್ಲಿ ಅನುಪಮಾ ಆಯಿತು, ಕನ್ನಡದಲ್ಲಿ ಇಂತಿ ನಿಮ್ಮ ಆಶಾ ಆಯಿತು.

ಟಾಲಿಗಂಜ್‌ನ ಮೆಟ್ರೋ ನಿಲ್ದಾಣಕ್ಕೆ 2009ರಿಂದ ಮಹಾನಾಯಕ್ ಉತ್ತಮ್ ಕುಮಾರ್ ಅಂತ ಹೆಸರು. ಹತ್ತಿರದಲ್ಲೇ ಅವರ ಪ್ರತಿಮೆಯೂ ಇದೆ. ಬಂಗಾಳಿಗಳಿಗೆ ಉತ್ತಮ್ ಕುಮಾರ್ ಅಂದರೆ ನಮಗೆ ರಾಜ್‌ಕುಮಾರ್ ಇದ್ದ ಹಾಗೆ. ಆ ಮಹಾನಾಯಕರು ಪೋರ್ಟ್ ಕಮಿಷನರ್ಸ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. 1947ರಲ್ಲಿ ಮಾಯಾಡೋರ್ ಎಂಬ ಚಿತ್ರದಲ್ಲಿ ಎಕ್ಸ್‌ಟ್ರಾ ಆಗಿ ನಿಂತರು. ಆ ಚಿತ್ರ ಬಿಡುಗಡೆಯೇ ಆಗಲಿಲ್ಲ. ಮರುವರ್ಷ ದೃಷ್ಟಿದಾನ್ ಬಂತು, ಆಮೇಲಿನದು ಎಲ್ಲರಿಗೂ ತಿಳಿದ ಕಥೆ. ನಮ್ಮ ಯಕ್ಷಗಾನದಲ್ಲಿ ಕೋಡಂಗಿ, ಬಾಲಗೋಪಾಲ ವೇಷ ಹಾಕಿ ಕುಣಿದವನೇ ಮುಂದೆ ಅರ್ಜುನನೋ ಕೌರವನೋ ಆಗುವುದಿಲ್ಲವೇ, ಹಾಗೆ. ಆದರೆ ಕೋಡಂಗಿ ವೇಷ ಹಾಕಿದ ಎಲ್ಲರೂ ಕೌರವರಾಗುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಹೆಚ್ಚಿನವರು ಮೊದಲ ದಿನ ನಿಂತ ಜಾಗದಲ್ಲೇ ವರ್ಷಗಟ್ಟಲೆ ನಿಲ್ಲುತ್ತಾರೆ. ಉತ್ತಮ್ ಕುಮಾರರ ಕಥೆ ಹೇಳುವಾಗ ಅವರನ್ನು ಮರೆಯಬಾರದು.

ಎಕ್ಸ್‌ಟ್ರಾಗಳ ಬಗ್ಗೆ ಈ ಊರು ಒಂದು ಬಹಳ ಸೊಗಸಾದ ಕಥೆಯನ್ನೂ ಕೊಟ್ಟಿದೆ. ಸತ್ಯಜಿತ್ ರಾಯ್ ಅವರು ಮಕ್ಕಳ ಪತ್ರಿಕೆ ಸಂದೇಶ್ ಅನ್ನು 1961ರಲ್ಲಿ ಮತ್ತೆ ಆರಂಭಿಸಿದ ಮೇಲೆ ಬರೆದ ಕಥೆಗಳಲ್ಲಿ ಒಂದು, ಪಟಲ್‌ಬಾಬು ಫಿಲ್ಮ್ ಸ್ಟಾರ್. ಪಟಲ್‌ಬಾಬು ಐವತ್ತು ದಾಟಿದ, ತಲೆ ಬೋಳಾದ ಮನುಷ್ಯ. ಯುದ್ಧದ ಕಾಲದಲ್ಲಿ ಕೆಲಸ ಹೋದ ಮೇಲೆ ಜೀವನ ಹೇಗೋ ಸಾಗಿಸಿಕೊಂಡು ಬಂದವರು. ಒಂದು ಕಾಲಕ್ಕೆ ನಾಟಕದ ಹುಚ್ಚು ಇದ್ದವರು. ಅವರಿಗೆ ಸಿನಿಮಾದಲ್ಲಿ ಪಾತ್ರ ಸಿಗುತ್ತದೆ. ಬೀದಿಯಲ್ಲಿ ಹೋಗುತ್ತಿರುವಾಗ ನಾಯಕ ಬಂದು ಡಿಕ್ಕಿ ಹೊಡೆಯುತ್ತಾನೆ, ಇವರು ಆಃ ಅಂತ ಒಂದು ಉದ್ಗಾರ ತೆಗೆಯಬೇಕು. ಅಷ್ಟೇ ಮಾತು. ಮೊದಲು ಅವಮಾನವಾದಂತಾಗುತ್ತದೆ. ಆಮೇಲೆ ತಮ್ಮ ನಾಟಕದ ಗುರುಗಳು ಹೇಳಿದ್ದನ್ನು ನೆನೆದು, ಪಕ್ಕದ ಗಲ್ಲಿಗೆ ಹೋಗಿ ಆ ಒಂದೇ ಉದ್ಗಾರವನ್ನು ಬಗೆಬಗೆಯಾಗಿ ಹೇಳಿ ನೋಡುತ್ತಾರೆ. ನೋವಿನದು ಬೇರೆ, ಬೆರಗಿನದು ಬೇರೆ, ಸಿಟ್ಟಿನದು ಬೇರೆ. ಕೊನೆಗೆ ಕ್ಯಾಮೆರಾ ಮುಂದೆ ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆಂದರೆ, ಅವರ ಮನಸ್ಸು ತುಂಬಿಬಿಡುತ್ತದೆ. ದುಡ್ಡು ಕೊಡಲು ಬಂದವನು ಹುಡುಕುವಾಗ ಪಟಲ್‌ಬಾಬು ಅಲ್ಲಿ ಇರುವುದೇ ಇಲ್ಲ. ಹಣ ತೆಗೆದುಕೊಳ್ಳದೆ ಹೊರಟುಹೋಗಿರುತ್ತಾರೆ.

ಈ ಕಥೆಯನ್ನು ಓದಿ ಮೆಚ್ಚದವರಿಲ್ಲ. ಕೊನೆಯ ಸಂಗತಿಯನ್ನು ಮಾತ್ರ ಗಮನದಲ್ಲಿ ಇಟ್ಟುಕೊಂಡಿರಿ. ಹಣ ತೆಗೆದುಕೊಳ್ಳದೆ ಹೋದರು. ಇದಕ್ಕೆ ಮತ್ತೆ ಬರೋಣ.

ಈಗ ನೀವು ಸೆಟ್ಟಿಗೆ ಹೊರಟಿದ್ದೀರಿ ಅಂತಿಟ್ಟುಕೊಳ್ಳೋಣ. ನಿಮ್ಮನ್ನು ಕರೆಯುವವರು ವಾಹಿನಿಯವರಲ್ಲ, ನಿರ್ದೇಶಕರೂ ಅಲ್ಲ. ಜನ ಒದಗಿಸುವ ಕೋಆರ್ಡಿನೇಟರ್ ಒಬ್ಬರು. ನಾಳೆ ಇಷ್ಟು ಗಂಡಸರು ಬೇಕು, ಇಷ್ಟು ಹೆಂಗಸರು ಬೇಕು, ಇಬ್ಬರು ಮುದುಕರು ಬೇಕು ಅಂತ ಅವರಿಗೆ ಹಿಂದಿನ ದಿನ ಹೇಳಿಕೆ ಬರುತ್ತದೆ. ಅವರು ಫೋನು ಹಿಡಿದು ಕೂರುತ್ತಾರೆ. ನಿಮಗೆ ಒಂದು ಕಾಲ್ ಟೈಮ್ ಹೇಳುತ್ತಾರೆ. ಬೆಳಿಗ್ಗೆ ಎಂಟು ಅಂದರೆ ಎಂಟಕ್ಕೆ ನೀವು ಅಲ್ಲಿರಬೇಕು. ನಿಮ್ಮ ಶಾಟ್ ಎಂಟಕ್ಕೆ ಅಂತ ಮಾತ್ರ ತಿಳಿಯಬೇಡಿ. ಅದು ಹನ್ನೊಂದಕ್ಕೂ ಆಗಬಹುದು, ಸಂಜೆ ಐದಕ್ಕೂ ಆಗಬಹುದು.

ಮನೆಯಿಂದ ಯಾವ ಬಟ್ಟೆಯಲ್ಲಿ ಬರಬೇಕು ಅಂತ ಮೊದಲೇ ಹೇಳಿರುತ್ತಾರೆ. ಇವತ್ತಿನ ಕಾಲದ ಕಥೆಯಾದರೆ ನಿಮ್ಮದೇ ಬಟ್ಟೆ. ಅಚ್ಚ ಬಿಳಿ ಬೇಡ, ಸಣ್ಣ ಸಣ್ಣ ಗೆರೆಯ ಅಂಗಿ ಬೇಡ, ಎದೆಯ ಮೇಲೆ ಕಂಪನಿ ಹೆಸರಿರುವ ಟೀ ಶರ್ಟ್ ಬೇಡ. ಬಿಳಿ ಬಟ್ಟೆ ಬೆಳಕನ್ನು ಹೊಡೆಯುತ್ತದೆ, ಸಣ್ಣ ಗೆರೆ ಕ್ಯಾಮೆರಾದಲ್ಲಿ ನೀರಿನ ಅಲೆಯಂತೆ ನಡುಗುತ್ತದೆ. ಹಳೆಯ ಕಾಲದ ಕಥೆಯಾದರೆ ಬಟ್ಟೆ ಅಲ್ಲೇ ಕೊಡುತ್ತಾರೆ. ಝೀ ಬಾಂಗ್ಲಾದಲ್ಲಿ 2017ರ ಜುಲೈಯಿಂದ 2022ರವರೆಗೆ ರಾಣಿ ರಾಸಮಣಿಯ ಧಾರಾವಾಹಿ ನಡೆಯಿತು. ದಕ್ಷಿಣೇಶ್ವರದ ಕಾಳಿ ದೇವಸ್ಥಾನವನ್ನು ಕಟ್ಟಿಸಿದ, ಗಂಗೆಯಲ್ಲಿ ಮೀನು ಹಿಡಿಯುವವರ ಪರವಾಗಿ ಕಂಪನಿ ಸರ್ಕಾರದ ಎದುರು ನಿಂತ ಜಮೀನ್ದಾರಿಣಿ ಅವರು. ಅಂಥ ಕಥೆಗೆ ಬೆಸ್ತರು ಬೇಕು, ಪಲ್ಲಕ್ಕಿ ಹೊರುವವರು ಬೇಕು, ಪುರೋಹಿತರು, ದಾಸಿಯರು, ಸಿಪಾಯಿಗಳು ಬೇಕು. ಹತ್ತೊಂಬತ್ತನೇ ಶತಮಾನದ ಬೆಸ್ತನಾದ ನೀವು ಕೈಗಡಿಯಾರ, ಉಂಗುರ, ಕನ್ನಡಕ ಎಲ್ಲ ತೆಗೆದಿಡಬೇಕು. ಹೆಂಗಸರಾದರೆ ಸೀರೆಯನ್ನು ನಮ್ಮ ಕಡೆಯ ನಿರಿಗೆ ಬಿಟ್ಟು ಹಳೆಯ ಬಂಗಾಳಿ ರೀತಿಯಲ್ಲಿ ಸುತ್ತಿ ಉಡಬೇಕು. ಕೈಗೆ ಮುತ್ತೈದೆಯರ ಶಂಖದ ಬಳೆ, ಕೆಂಪು ಬಳೆ. ಮದುವೆ ದೃಶ್ಯವಾದರೆ ಅಲ್ಲಿ ಒಂದು ಪರೀಕ್ಷೆ ಕಾದಿರುತ್ತದೆ. ವರ ಬಿಳಿಯ ಬೆಂಡಿನ ಕಿರೀಟ ತೊಟ್ಟು ಬರುವಾಗ ಹೆಂಗಸರೆಲ್ಲ ನಾಲಿಗೆ ಆಡಿಸಿ ಉಲುಧ್ವನಿ ಮಾಡಬೇಕು. ಬಂಗಾಳದ ಮಕ್ಕಳಿಗೆ ಅದು ಹುಟ್ಟಿನಿಂದ ಬಂದಿರುತ್ತದೆ. ನಮ್ಮವರಿಗೆ ಬರುವುದಿಲ್ಲ. ಬಾರದಿದ್ದರೆ ಬಾಯಿ ಮುಂದೆ ಕೈ ಇಟ್ಟುಕೊಂಡು ಸುಮ್ಮನಿರಿ, ಪಕ್ಕದವರು ನಿಮ್ಮ ಪಾಲಿನದನ್ನೂ ಮಾಡುತ್ತಾರೆ.

ಮೇಕಪ್ ಆಯಿತು, ಬಟ್ಟೆ ಆಯಿತು. ಈಗ ಕಾಯುವುದು. ತಾಳಿದವನು ಬಾಳಿಯಾನು ಅನ್ನುವ ಗಾದೆಯನ್ನು ಯಾರೋ ಎಕ್ಸ್‌ಟ್ರಾ ಆಗಿ ಹೋಗಿ ಬಂದವರೇ ಹೇಳಿರಬೇಕು. ದಿನದ ಹೆಚ್ಚಿನ ಪಾಲು ಕಾಯುವುದರಲ್ಲೇ ಹೋಗುತ್ತದೆ. ಮಣ್ಣಿನ ಲೋಟದಲ್ಲಿ ಚಹಾ ಬರುತ್ತದೆ, ಜೊತೆಗೆ ಎರಡು ಬಿಸ್ಕತ್ತು. ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಸಾಸಿವೆ ಎಣ್ಣೆ ಕಲಸಿಕೊಂಡು ಯಾರೋ ಪೊಟ್ಟಣ ಬಿಚ್ಚುತ್ತಾರೆ, ನಿಮಗೂ ಒಂದು ಹಿಡಿ ಕೊಡುತ್ತಾರೆ. ಇಲ್ಲಿ ಎಲ್ಲ ಗಂಡಸರೂ ದಾದಾ, ಎಲ್ಲ ಹೆಂಗಸರೂ ದೀದಿ. ಅರ್ಧ ಗಂಟೆ ಕೂತರೆ ನಿಮ್ಮ ಪಕ್ಕದವರ ಸಂಸಾರದ ಕಥೆ ನಿಮಗೆ ಗೊತ್ತಾಗುತ್ತದೆ.

ಆಗ ನಿಮಗೆ ತಿಳಿಯುವುದೇನೆಂದರೆ, ಅಲ್ಲಿ ಕೂತವರು ಎರಡು ಬಗೆ. ನಿಮ್ಮಂತೆ ಒಂದು ದಿನದ ಖುಷಿಗೆ ಬಂದವರು ಒಂದು ಬಗೆ. ಇದರಿಂದಲೇ ಮನೆ ನಡೆಸುವವರು ಇನ್ನೊಂದು ಬಗೆ. ಮೊದಲಿನವರನ್ನು ಗುರುತಿಸುವುದು ಸುಲಭ. ಅವರು ನಾಯಕಿ ಎಲ್ಲಿ ಅಂತ ನೋಡುತ್ತಿರುತ್ತಾರೆ. ಎರಡನೆಯವರು ಫ್ಯಾನು ಎಲ್ಲಿದೆ, ಪ್ಲಗ್ ಪಾಯಿಂಟ್ ಎಲ್ಲಿದೆ, ಊಟದ ಸಾಲು ಎಲ್ಲಿ ನಿಲ್ಲುತ್ತದೆ ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ಜಾಗ ಹಿಡಿದು ಕೂತಿರುತ್ತಾರೆ.

ಕೊನೆಗೆ ಕರೆ ಬರುತ್ತದೆ. ಸಹ ನಿರ್ದೇಶಕರೊಬ್ಬರು ಬಂದು ನಿಮ್ಮನ್ನು ನಿಲ್ಲಿಸುತ್ತಾರೆ. ನೀವು ಇಲ್ಲಿ, ನೀವು ಅಲ್ಲಿ. ನಾಯಕಿ ಬಾಗಿಲು ದಾಟಿದ ಕೂಡಲೇ ನೀವು ಎಡದಿಂದ ಬಲಕ್ಕೆ ಹೋಗಿ. ಕ್ಯಾಮೆರಾ ನೋಡಬೇಡಿ. ನೋಡಬೇಡಿ ಅಂದರೆ ಅಲ್ಲೇ ಕಣ್ಣು ಹೋಗುವುದು ಮನುಷ್ಯ ಸಹಜ. ಅದನ್ನು ಗೆಲ್ಲುವುದೇ ಮೊದಲ ಪಾಠ. ಎರಡನೆಯ ಪಾಠ, ಸದ್ದಿಲ್ಲದೆ ಮಾತಾಡುವುದು. ಹಿಂದೆ ನಿಂತ ನೆಂಟರು ಹರಟೆ ಹೊಡೆಯುತ್ತಿರಬೇಕು, ನಗಬೇಕು, ತಲೆ ಆಡಿಸಬೇಕು, ಆದರೆ ಗಂಟಲಿನಿಂದ ಒಂದು ಉಸಿರೂ ಕೇಳಬಾರದು. ಮುಂದೆ ನಿಂತವರ ಸಂಭಾಷಣೆ ಅದೇ ಹೊತ್ತಿಗೆ ಮೈಕಿನಲ್ಲಿ ದಾಖಲಾಗುತ್ತಿರುತ್ತದೆ. ನಿಮ್ಮ ಬಂಗಾಳಿ ಬಾರದ ತೊಂದರೆ ಇಲ್ಲಿಗೆ ಪರಿಹಾರವಾಯಿತು. ಸದ್ದಿಲ್ಲದ ಮಾತಿನಲ್ಲಿ ಕನ್ನಡವೂ ಒಂದೇ, ಬಂಗಾಳಿಯೂ ಒಂದೇ. ಬಿಸಿಬೇಳೆ ಬಾತಿಗೆ ಏನೇನು ಹಾಕಬೇಕು ಅಂತ ನೀವು ಪೂರ್ತಿ ಹೇಳಿ ಮುಗಿಸಬಹುದು, ಯಾರೂ ಕೇಳುವುದಿಲ್ಲ.

ಆ ಸದ್ದಿನ ಕಾರಣಕ್ಕೇ ಟೇಕ್ ಶುರುವಾದ ಕೂಡಲೇ ಫ್ಯಾನು, ಎ.ಸಿ. ಎಲ್ಲ ನಿಲ್ಲಿಸುತ್ತಾರೆ. ಕೋಲ್ಕತ್ತಾದ ಮೇ ತಿಂಗಳ ಸೆಕೆ ನಿಮಗೆ ಗೊತ್ತು. ಅದರ ಮೇಲೆ ದೀಪಗಳ ಬಿಸಿ, ರೇಷ್ಮೆ ಸೀರೆ, ಮೇಕಪ್ಪು. ಬೆವರಿದರೆ ಒರೆಸಿಕೊಳ್ಳುವ ಹಾಗಿಲ್ಲ.

ಒಂದೇ ದೃಶ್ಯವನ್ನು ಮತ್ತೆ ಮತ್ತೆ ಯಾಕೆ ತೆಗೆಯುತ್ತಾರೆ ಅಂತ ಹೊಸಬರಿಗೆ ಆಶ್ಚರ್ಯವಾಗುತ್ತದೆ. ಯಾರೂ ತಪ್ಪು ಮಾಡದಿದ್ದರೂ ಮತ್ತೆ ತೆಗೆಯಲೇಬೇಕು. ಮೊದಲು ಇಡೀ ಕೋಣೆ ಕಾಣುವಂತೆ ಒಂದು ಸಲ. ಆಮೇಲೆ ಅತ್ತೆಯ ಮುಖ. ಆಮೇಲೆ ಸೊಸೆಯ ಮುಖ. ಆಮೇಲೆ ಮೂಲೆಯಲ್ಲಿ ಹೊಂಚು ಹಾಕುವ ನಾದಿನಿಯ ಮುಖ. ಮನೆಯಲ್ಲಿ ನೀವು ನೋಡುವಾಗ ಇವೆಲ್ಲ ಒಂದೇ ನಿಮಿಷದಲ್ಲಿ ಸೇರಿಕೊಂಡು ಬರುತ್ತವೆ. ಆದ್ದರಿಂದ ಪ್ರತಿ ಸಲವೂ ನೀವು ಅದೇ ಜಾಗದಲ್ಲಿ, ಅದೇ ಕೈಯಲ್ಲಿ ಅದೇ ತಟ್ಟೆ ಹಿಡಿದು, ಅದೇ ಮಾತಿಗೆ ತಿರುಗಬೇಕು. ತಟ್ಟೆಯಲ್ಲಿ ಮೂರು ಸಂದೇಶ್ ಇದ್ದರೆ ಮೂರೇ ಇರಬೇಕು. ಹಸಿವಾಯಿತೆಂದು ಒಂದನ್ನು ಬಾಯಿಗೆ ಹಾಕಿಕೊಂಡಿರೋ, ಅತ್ತೆಯ ಮುಖ ಕಂಡಾಗ ಮೂರು, ಸೊಸೆಯ ಮುಖ ಕಂಡಾಗ ಎರಡು. ಇದಕ್ಕೆ ಕಂಟಿನ್ಯುಯಿಟಿ ಅನ್ನುತ್ತಾರೆ. ಅನುಭವಿ ಎಕ್ಸ್‌ಟ್ರಾ ಇದನ್ನು ಯಾರೂ ಹೇಳದೆ ನಡೆಸಿಕೊಂಡು ಹೋಗುತ್ತಾರೆ. ಯಾವ ಮಾತಿಗೆ ತಾವು ಎಡಗಾಲು ಎತ್ತಿದ್ದರು ಅಂತ ಅವರಿಗೆ ನೆನಪಿರುತ್ತದೆ.

ನಿಜವಾದ ಕಸುಬು ಇರುವುದು ಇದರಲ್ಲಿ. ಶಂಕರ್ ನಾಗ್ ಅವರು 1980ರ ದಶಕದಲ್ಲಿ ಆಗುಂಬೆಯಲ್ಲಿ ಮಾಲ್ಗುಡಿ ಡೇಸ್ ತೆಗೆದಾಗ ಊರಿನ ಜನರೇ ಹಲವರು ಅದರಲ್ಲಿ ಕಾಣಿಸಿಕೊಂಡರು. ಇವತ್ತು ನೋಡಿದರೂ ಆ ಬೀದಿ ನಿಜವಾದ ಬೀದಿಯಂತೆಯೇ ಕಾಣುತ್ತದೆ. ಅಲ್ಲಿ ನಡೆದುಹೋಗುವವರು ಯಾರೂ ನಟಿಸುತ್ತಿರುವಂತೆ ಅನ್ನಿಸುವುದಿಲ್ಲ. ತಮ್ಮ ಊರಿನ ಬೀದಿಯಲ್ಲಿ ನಡೆಯುವವರಿಗೆ ಅದು ಬೇಗ ಒಲಿಯಬಹುದು. ಪ್ಲೈವುಡ್ ಗೋಡೆಯ ಬೀದಿಯಲ್ಲಿ, ಅಪರಿಚಿತರ ನಡುವೆ, ಎಂಟನೇ ಸಲವೂ ಮೊದಲ ಸಲದಂತೆ ನಡೆಯಬೇಕಾದರೆ ಅದಕ್ಕೆ ಅಭ್ಯಾಸ ಬೇಕು.

ಹೀಗೆ ಸಂಜೆಯಾಗುತ್ತದೆ. ಪ್ಯಾಕ್ ಅಪ್ ಅನ್ನುವ ಕೂಗು ಬೀಳುತ್ತದೆ. ನೀವು ಮೇಕಪ್ ಒರೆಸಿ, ಬಟ್ಟೆ ಬದಲಿಸಿ ಹೊರಡುವ ಹೊತ್ತಿಗೆ ಪಟಲ್‌ಬಾಬುವಿನ ಪ್ರಶ್ನೆ ಎದುರಾಗುತ್ತದೆ. ದುಡ್ಡು ತೆಗೆದುಕೊಳ್ಳುವುದೋ, ಬಿಡುವುದೋ?

ನಿಮಗೆ ಅನ್ನಿಸಬಹುದು: ನನಗೆ ಸಂಬಳ ಬರುತ್ತದೆ, ಅಥವಾ ಮಗ ಒಳ್ಳೆಯ ಕೆಲಸದಲ್ಲಿದ್ದಾನೆ, ನಾನು ಬಂದದ್ದು ಅನುಭವಕ್ಕೆ, ಆ ನಾಲ್ಕು ಕಾಸಿಗೆ ಯಾಕೆ ಕಾಯಲಿ, ಬೇಡ ಬಿಡಿ ಅಂದರೆ ಅವರಿಗೂ ಸಂತೋಷ, ನನಗೂ ದೊಡ್ಡತನ. ನಾನು ಕೊನೆಗೆ ಹೇಳುತ್ತೇನೆ ಅಂದಿದ್ದ ಮಾತು ಇದೇ. ದಯವಿಟ್ಟು ಹಾಗೆ ಮಾಡಬೇಡಿ.

ಯಾಕೆ ಅಂತ ಕೇಳಿ. ಪಟಲ್‌ಬಾಬು ಹಣ ಬಿಟ್ಟು ಹೋದದ್ದರಿಂದ ಕಥೆಗೆ ಒಂದು ಎತ್ತರ ಬಂತು. ಅವರ ಜಾಗದಲ್ಲಿ ಮರುದಿನ ನಿಲ್ಲುವವನೊಬ್ಬ ಇದ್ದಾನೆ, ಅವನು ಕಥೆಯಲ್ಲಿ ಬರುವುದಿಲ್ಲ. ಪುಕ್ಕಟೆ ನಿಲ್ಲುವವರು ಸಿಗುತ್ತಾರೆ ಅಂತ ಒಮ್ಮೆ ಗೊತ್ತಾದರೆ, ದುಡ್ಡು ಕೇಳುವವನನ್ನು ಯಾರು ಕರೆಯುತ್ತಾರೆ? ಮಧ್ಯಾಹ್ನ ನಿಮಗೆ ಮಂಡಕ್ಕಿ ಕೊಟ್ಟ ದೀದಿಯ ನಾಳಿನ ಕೂಲಿಯನ್ನು ನಿಮ್ಮ ದೊಡ್ಡತನ ತಿಂದುಹಾಕುತ್ತದೆ. ಆದ್ದರಿಂದ ಸಾಲಿನಲ್ಲಿ ನಿಂತು, ಎಲ್ಲರಿಗೆ ಕೊಟ್ಟಷ್ಟನ್ನೇ ಎಣಿಸಿ ತೆಗೆದುಕೊಂಡು, ಸಹಿ ಹಾಕಿ ಬನ್ನಿ. ಬೇಕಿದ್ದರೆ ಹೊರಗೆ ಬಂದು ದಾನ ಮಾಡಿ, ನಿಮ್ಮ ಇಷ್ಟ.

ಇದು ಸಣ್ಣ ವಿಷಯ ಅಲ್ಲ ಅನ್ನುವುದಕ್ಕೆ ಟಾಲಿಗಂಜ್‌ನ ಇತ್ತೀಚಿನ ಚರಿತ್ರೆಯೇ ಸಾಕ್ಷಿ. 2018ರ ಆಗಸ್ಟ್ 18ರಿಂದ ಇಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತುಹೋಯಿತು. ದುಡಿದ ಹಣ ಸರಿಯಾದ ಸಮಯಕ್ಕೆ ಕೈಗೆ ಬರುತ್ತಿಲ್ಲ, ಕೆಲಸದ ಗಂಟೆಗಳಿಗೆ ಮಿತಿಯಿಲ್ಲ ಅನ್ನುವುದು ಕಲಾವಿದರ ದೂರು. ದಿನಕ್ಕೊಂದು ಕಂತು ಕೊಡಬೇಕಾದ ವ್ಯವಹಾರದಲ್ಲಿ ಮುಂಚಿತವಾಗಿ ತೆಗೆದಿಟ್ಟ ಕಂತುಗಳು ಕೆಲವೇ ದಿನಕ್ಕೆ ಸಾಕಾಗುವಷ್ಟು ಇರುತ್ತವೆ. ಅವು ಮುಗಿದ ಕೂಡಲೇ ವಾಹಿನಿಗಳು ಹಳೆಯ ಕಂತುಗಳನ್ನೇ ಮತ್ತೆ ಹಾಕಿದವು. ಮನೆ ಮನೆಯಲ್ಲಿ ಅದೇ ಮಾತಾಯಿತು. ಆಗಸ್ಟ್ 23ರಂದು ಅಂದಿನ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರು ಎರಡೂ ಕಡೆಯವರನ್ನು ನಬಾನ್ನಕ್ಕೆ ಕರೆಸಿ ಮಾತಾಡಿಸಿದ ಮೇಲೆ ಕೆಲಸ ಮತ್ತೆ ಶುರುವಾಯಿತು. ಹೆಸರಿರುವ ಕಲಾವಿದರಿಗೇ ಹಣಕ್ಕಾಗಿ ಹೀಗೆ ನಿಲ್ಲಬೇಕಾಯಿತು ಅಂದಮೇಲೆ, ಹೆಸರೇ ಇಲ್ಲದವರ ಗತಿ ಏನು?

ಎರಡು ವರ್ಷದ ನಂತರ ಕೋವಿಡ್ ಬಂತು. 2020ರ ಮಾರ್ಚಿಯಲ್ಲಿ ಸ್ಟುಡಿಯೋಗಳು ಮುಚ್ಚಿದವು. ಜೂನ್‌ನಲ್ಲಿ ತೆರೆದಾಗ ಒಂದು ಘಟಕದಲ್ಲಿ 35ಕ್ಕಿಂತ ಹೆಚ್ಚು ಜನ ಇರಬಾರದು ಅಂತ ನಿಯಮ. ಈ 35ರಲ್ಲಿ ಕ್ಯಾಮೆರಾದವರು, ದೀಪದವರು, ಮೇಕಪ್ಪಿನವರು, ಮುಖ್ಯ ಪಾತ್ರದವರು ಸೇರಿದರೆ ಮುಗಿಯಿತು. ಹಿಂದೆ ನಿಲ್ಲುವವರಿಗೆ ಜಾಗ ಎಲ್ಲಿ? ಮನೆಯಲ್ಲಿ ಕೂತು ಎರಡೇ ನೆಂಟರಿರುವ ಮದುವೆ ನೋಡಿ ನಾವು ನಕ್ಕೆವು. ಕಾಣದೆ ಹೋದ ನೆಂಟರು ಆ ತಿಂಗಳುಗಳಲ್ಲಿ ಏನು ಉಂಡರು ಅಂತ ಯೋಚಿಸಿದವರು ಕಡಿಮೆ.

ಬೇರೆ ಕಡೆಯ ಸ್ಥಿತಿಯೂ ಹೇಳಿಕೊಳ್ಳುವಂಥದಲ್ಲ. ಮಲಯಾಳಂ ಚಿತ್ರರಂಗದ ಬಗ್ಗೆ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ದೊಡ್ಡ ಹೆಸರುಗಳ ಸುದ್ದಿಯೇ ಸುದ್ದಿಯಾಯಿತು. ಅದೇ ವರದಿಯಲ್ಲಿ ಜೂನಿಯರ್ ಆರ್ಟಿಸ್ಟ್‌ಗಳ ಪಾಡೂ ಇತ್ತು. ಕುಡಿಯುವ ನೀರಿಗೆ, ಶೌಚಾಲಯಕ್ಕೆ ಪರದಾಟ, ಮಧ್ಯವರ್ತಿಗಳ ಕೈಯಲ್ಲಿ ಕರಗುವ ಕೂಲಿ. ನಮ್ಮ ಕರ್ನಾಟಕದಲ್ಲಿ 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ವಿಧೇಯಕವೊಂದು ವಿಧಾನಮಂಡಲದಲ್ಲಿ ಒಪ್ಪಿಗೆ ಪಡೆಯಿತು. ಟಿಕೆಟ್ ಮತ್ತು ಚಂದಾ ಹಣದ ಮೇಲೆ ಶೇಕಡಾ 1ರಿಂದ 2ರಷ್ಟು ಸೆಸ್ ಹಾಕಿ ನಿಧಿ ಮಾಡುವುದು ಅದರ ಉದ್ದೇಶ.

ಕೇಂದ್ರದ ಕಾನೂನನ್ನೂ ತಿಳಿದಿರಿ. ಸಿನಿಮಾ ಕಾರ್ಮಿಕರನ್ನು ಲಿಖಿತ ಕರಾರಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 1981ರಲ್ಲೇ ಕಾಯಿದೆ ಬಂದಿತ್ತು, ಆದರೆ ಅದು ಕಥಾಚಿತ್ರಗಳಿಗೆ ಮಾತ್ರ. ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ ಬಗೆಗಿನ 2020ರ ಸಂಹಿತೆ ಟಿ.ವಿ. ಧಾರಾವಾಹಿಯನ್ನೂ ಒಳಗೆ ತಂದಿದೆ, ಗುತ್ತಿಗೆದಾರರ ಮೂಲಕ ಬಂದವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. 2025ರ ನವೆಂಬರ್ 21ರಂದು ಅದನ್ನು ಜಾರಿಗೆ ತರಲಾಯಿತು. ಕಾಗದದ ಮೇಲಿನ ಮಾತು ಊಟದ ಸಾಲಿನ ತನಕ ಬರಬೇಕಾದರೆ, ಸಾಲಿನಲ್ಲಿ ನಿಂತವರಿಗೆ ಅದು ಗೊತ್ತಿರಬೇಕು. ಸಹಿ ಮಾಡಿ ಹಣ ತೆಗೆದುಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಒಂದು ದಾಖಲೆ ಇರಲಿ.

ಇಷ್ಟಾದ ಮೇಲೂ ಹೋಗುವ ಮನಸ್ಸಿದ್ದರೆ, ಇರಬೇಕು ಕೂಡ, ಕೆಲವು ಕಿವಿಮಾತು. ಹೆಸರು ನೋಂದಾಯಿಸಲು ಇಷ್ಟು ಕೊಡಿ, ಫೋಟೋ ಆಲ್ಬಮ್ ಮಾಡಿಸಲು ಇಷ್ಟು ಕೊಡಿ ಅಂತ ಯಾರಾದರೂ ಮೊದಲೇ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸು ಬನ್ನಿ. ಕೆಲಸ ಮಾಡುವವರು ನೀವು, ದುಡ್ಡು ಬರಬೇಕಾದದ್ದು ನಿಮಗೆ. ಯಾವ ಸ್ಟುಡಿಯೋ, ಯಾವ ಧಾರಾವಾಹಿ, ಎಷ್ಟು ಗಂಟೆಯವರೆಗೆ, ಎಷ್ಟು ಹಣ, ಯಾವಾಗ ಕೊಡುತ್ತಾರೆ, ಇಷ್ಟನ್ನೂ ಹಿಂದಿನ ದಿನವೇ ಕೇಳಿ, ಸಾಧ್ಯವಾದರೆ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ ಪ್ರತ್ಯೇಕ ಇದೆಯೇ ಅಂತ ಕೇಳಲು ಸಂಕೋಚ ಪಡಬೇಡಿ. ಮೊದಲ ಸಲ ಒಬ್ಬರೇ ಹೋಗಬೇಡಿ. ಮನೆಯಲ್ಲಿ ವಿಳಾಸ ಕೊಟ್ಟು ಹೋಗಿ, ರಾತ್ರಿ ತಡವಾದರೆ ಹೇಗೆ ಬರುವುದು ಅಂತ ಮೊದಲೇ ಯೋಚಿಸಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಮಾತ್ರೆ ತೆಗೆದುಕೊಳ್ಳುವವರು ಮಾತ್ರೆ, ಎಲ್ಲರೂ ನೀರು, ಒಂದು ಟವೆಲ್ಲು, ಓದಲು ಒಂದು ಪುಸ್ತಕ ಇಟ್ಟುಕೊಳ್ಳಿ. ಸೆಟ್ಟಿನ ಫೋಟೋ ತೆಗೆದು ಗೆಳೆಯರಿಗೆ ಕಳಿಸಬೇಡಿ. ಮುಂದಿನ ವಾರದ ಕಥೆ ಇವತ್ತೇ ಹೊರಬಿದ್ದರೆ ಬೈಸಿಕೊಳ್ಳುವವರು ನಿಮ್ಮನ್ನು ಕರೆತಂದ ಕೋಆರ್ಡಿನೇಟರ್.

ಇನ್ನು ಹೋಗದೆ ಮನೆಯಲ್ಲೇ ಕೂತು ನೋಡುವವರಿಗೂ ಒಂದು ಕೆಲಸ ಹೇಳುತ್ತೇನೆ. ಇವತ್ತು ರಾತ್ರಿ ನಿಮ್ಮ ಧಾರಾವಾಹಿ ಬಂದಾಗ ಒಂದೇ ಒಂದು ದೃಶ್ಯದಲ್ಲಿ ಅತ್ತೆ ಸೊಸೆಯರನ್ನು ಬಿಟ್ಟು ಅವರ ಹಿಂದೆ ಇರುವವರನ್ನು ನೋಡಿ. ಆ ಮುದುಕ ಎಷ್ಟು ಸಹಜವಾಗಿ ಪತ್ರಿಕೆಯ ಪುಟ ತಿರುಗಿಸಿದ, ಆ ಹುಡುಗಿ ಎಷ್ಟು ಜಾಗ್ರತೆಯಾಗಿ ಸದ್ದಾಗದಂತೆ ಲೋಟ ಇಟ್ಟಳು ಅಂತ ಗಮನಿಸಿ. ಅವರ ಹೆಸರು ಕೊನೆಯಲ್ಲಿ ಓಡುವ ಅಕ್ಷರಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬರು, ಅಯ್ಯೋ, ಇವರು ಚೆನ್ನಾಗಿ ಮಾಡಿದ್ದಾರಲ್ಲ ಅಂದರೆ, ಅವರ ಬೆವರಿಗೆ ಅಷ್ಟು ಮರ್ಯಾದೆ ಸಂದ ಹಾಗೆ. ಕೂಲಿ ಕೊಡಬೇಕಾದವರು ಕೂಲಿ ಕೊಡಲಿ, ನೋಡುವ ನಾವು ನೋಡೋಣ.